ಕನ್ನಡಿ ಲೆನ್ಸು ತಂದ ಬಳೆ ರೋಗ

ನಮ್ಮ ಭಾವ ಕನ್ನಡಕ ಮಾರುತ್ತಾರೆ, ಹಾಕಿಕೊಳ್ಳುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅನಾಹುತವೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಅವರಿಗೆ ದೂರದ್ದು ಬಹಳ ಚೆನ್ನಾಗಿ ಕಾಣುತ್ತದೆ. ಹತ್ತಿರದ್ದು ಮಾತ್ರ, ಆ ವಯಸ್ಸಿನ ಎಲ್ಲರಿಗೂ ಆಗುವಂತೆ, ಕೈಕೊಟ್ಟಿದೆ. ಇದು ಅಕ್ಕನಿಗೆ ಗೊತ್ತು. ನನಗೆ ಗೊತ್ತು. ಪೇಪರನ್ನು ನೆಲದ ಮೇಲೆ ಹರಡಿ, ಸೊಂಟಕ್ಕೆ ಕೈಕೊಟ್ಟು ನಿಂತು ಓದುವುದನ್ನು ಕಂಡ ಹಾಲಿನವನಿಗೂ ಗೊತ್ತು. ಹೊರಗಿನವರಿಗೆ ಗೊತ್ತಾಗಬಾರದು, ಅಷ್ಟೇ.

"ಅಂಗಡಿಗೆ ಬಂದೋರು ಮೊದಲು ನೋಡೋದು ಏನನ್ನ? ನನ್ನ ಕಣ್ಣನ್ನ. ನನ್ನ ಕಣ್ಣೇ ನನ್ನ ಬೋರ್ಡು. ಅದಕ್ಕೇ ನಾನು ಗಾಜು ಹಾಕಿಬಿಟ್ಟರೆ ಜನ ಏನಂದ್ಕೋತಾರೆ?" ಎನ್ನುವುದು ಭಾವನ ವಾದ. ಹೀಗಾಗಿ ಅಂಗಡಿಯಲ್ಲಿ ಗಾಜಿನ ಮೇಲಿನ ಸಣ್ಣ ನಂಬರು ಓದುವುದು, ಫ್ರೇಮಿನ ತಿರುಪು ಹಾಕುವುದು ಎಲ್ಲ ಅಕ್ಕನ ಕೆಲಸ. ಭಾವನದು ಗೋಡೆಯ ಮೇಲಿನ ಅಕ್ಷರದ ಹಲಗೆಯ ಪಕ್ಕ ಕೋಲು ಹಿಡಿದು ನಿಂತು, "ಈಗ ಸ್ಪಷ್ಟನಾ? ಈಗ?" ಎಂದು ಗಂಭೀರವಾಗಿ ಕೇಳುವ ಕೆಲಸ. ಅದನ್ನು ಅವರಷ್ಟು ಚೆನ್ನಾಗಿ ಮಾಡುವವರನ್ನು ನಾನು ಕಂಡಿಲ್ಲ.

ಹೀಗಿರುವ ಮನುಷ್ಯನಿಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಬಾಗಿಲು ಮುಚ್ಚುತ್ತಿದ್ದ ಒಂದು ಫೋಟೋ ಸ್ಟುಡಿಯೋದಿಂದ ಹಳೆಯ ಕ್ಯಾಮೆರಾವನ್ನೂ ಅದಕ್ಕೊಂದು ಕನ್ನಡಿ ಲೆನ್ಸನ್ನೂ ತಂದರು. ಹಕ್ಕಿ ಹಿಡಿಯುವ ಲೆನ್ಸು ಸಾಮಾನ್ಯವಾಗಿ ಮೊಳದುದ್ದ ಇರುತ್ತದಂತೆ. ಇದು ಗಿಡ್ಡಗೆ, ದಪ್ಪಗೆ, ಡಬ್ಬಿಯ ಹಾಗಿತ್ತು. ಒಳಗೆ ಎರಡು ಕನ್ನಡಿ. ಬೆಳಕು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಾಡಿ, ಮೊಳದುದ್ದದ ಪ್ರಯಾಣವನ್ನು ಡಬ್ಬಿಯೊಳಗೇ ಮುಗಿಸಿಬಿಡುತ್ತದೆ. ಮುಂದಿನ ಗಾಜಿನ ನಟ್ಟನಡುವೆ ಒಂದು ಕಪ್ಪು ಬಿಲ್ಲೆ. ಚಿಕ್ಕ ಕನ್ನಡಿ ಇರುವುದು ಅದರ ಬೆನ್ನಿಗೆ.

ಲೆನ್ಸು ಮನೆಗೆ ಬಂದ ದಿನವೇ ಅಕ್ಕ ಅದನ್ನು ತಿರುಗಿಸಿ ನೋಡಿ, "ಅಯ್ಯೋ, ಚೀಟಿ ಕೀಳೋದನ್ನೇ ಮರೆತಿದ್ದಾರೆ ನೋಡಿ" ಎಂದು ಪಾತ್ರೆ ತಿಕ್ಕುವ ನಾರು ತಂದಳು. ಆಗ ಭಾವ ಕೂಗಿದ ಕೂಗಿಗೆ ಕೆಳಮನೆಯ ಅಧ್ಯಕ್ಷರು ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದರು.

ಸ್ಟುಡಿಯೋದವರು ಲೆನ್ಸು ಕೊಡುವಾಗ ನಾನೂ ಅಲ್ಲೇ ಇದ್ದೆ. "ನೋಡಿ, ಇದರಲ್ಲಿ ಫೋಕಸ್ ನಿಮ್ಮ ಕೈಯಲ್ಲೇ ಮಾಡ್ಕೋಬೇಕು, ತಾನಾಗಿ ಆಗಲ್ಲ. ಕೂದಲೆಳೆ ಆಚೀಚೆ ಆದ್ರೂ ಹಕ್ಕಿ ಮಸುಕು. ಅಲುಗಾಡಿದ್ರಂತೂ ಮುಗೀತು. ಇನ್ನೊಂದು ವಿಷಯ, ಫೋಕಸ್ ಇಲ್ಲದ ಕಡೆ ಮಿನುಗೋ ಚುಕ್ಕೆ ಏನಿದ್ರೂ ಬಳೆ ಬಳೆಯಾಗಿ ಬರುತ್ತೆ. ನಡುವೆ ಆ ಬಿಲ್ಲೆ ಇದೆಯಲ್ಲ, ಅದರಿಂದ. ಗಾಬರಿ ಬೀಳಬೇಡಿ" ಎಂದು ಬಿಡಿಸಿ ಹೇಳಿದ್ದರು. ಭಾವ ತಲೆಯಾಡಿಸಿದ್ದರು. ಕೇಳಿಸಿಕೊಳ್ಳದಿದ್ದಾಗ ಅವರು ಹಾಗೆ ತಲೆಯಾಡಿಸುವುದು ವಾಡಿಕೆ.

ಲೋಕದಲ್ಲಿ ಕೂತಲ್ಲಿ ಕೂತಿರುವ ಹಕ್ಕಿಗಳು ಎಷ್ಟೋ ಇವೆ. ಗೂಬೆ ಇದೆ, ಕೊಕ್ಕರೆ ಇದೆ. ಭಾವ ಆರಿಸಿಕೊಂಡದ್ದು ಮರಕುಟಿಗವನ್ನು. ನಮ್ಮ ಕಟ್ಟಡದ ಎದುರಿನ ಕಾಲುದಾರಿಯಲ್ಲಿ ಒಂದು ದೊಡ್ಡ ಮರವಿದೆ. ಅದರ ಕಾಂಡದಲ್ಲಿ ಪೊಟರೆ ಕೊರೆದು ಒಂದು ಜೋಡಿ ಸಂಸಾರ ಹೂಡಿತ್ತು. ನಮ್ಮ ಬಾಲ್ಕನಿಗೆ ನೇರ ಎದುರು, ಅದೇ ಬೀದಿಯಲ್ಲಿರುವ ಭಾವನ ಅಂಗಡಿಗೂ ಎದುರೇ. ದಿನವಿಡೀ ತಲೆಯನ್ನು ಮರಕ್ಕೆ ಚಚ್ಚಿಕೊಳ್ಳುವುದೇ ಕಸುಬಾಗಿರುವ ಹಕ್ಕಿಯನ್ನು, ಕೂದಲೆಳೆಯಷ್ಟೂ ಅಲುಗಾಟ ಸಹಿಸದ ಲೆನ್ಸಿನಲ್ಲಿ, ಹತ್ತಿರದ್ದು ಕಾಣದ ಮನುಷ್ಯ ಹಿಡಿಯಲು ಹೊರಟರು.

ಸ್ಟ್ಯಾಂಡು ನಾನೇ. ನನ್ನ ಹೆಗಲಿನ ಮೇಲೆ ಮಡಿಸಿದ ಟವೆಲು, ಟವೆಲಿನ ಮೇಲೆ ಲೆನ್ಸು. "ಉಸಿರು ಹಿಡಿ" ಎಂದರೆ ನಾನು ಹಿಡಿಯಬೇಕು, "ಬಿಡು" ಎನ್ನುವುದನ್ನು ಅವರು ಮರೆಯುತ್ತಿದ್ದರು. ಮನೆಯಲ್ಲಿ ಫ್ಯಾನು ಬಂದ್. ಅಕ್ಕ ಅಡುಗೆಮನೆಯಿಂದ ಹಜಾರಕ್ಕೆ ಬರಬೇಕಾದರೆ ತುದಿಗಾಲಿನಲ್ಲಿ ಬರಬೇಕು. ಒಂದು ದಿನ ಎಲ್ಲ ಸರಿಯಾಗಿದ್ದರೂ ಚಿತ್ರ ನಡುಗಿತು. ಕೆಳಮನೆಯ ಬಟ್ಟೆ ಒಗೆಯುವ ಮಿಷನ್ನು ಹಿಂಡುವ ಹಂತಕ್ಕೆ ಬಂದಿತ್ತು. ಭಾವ ನೆಟ್ಟಗೆ ಕೆಳಗಿಳಿದು ಹೋಗಿ ಅಧ್ಯಕ್ಷರಿಗೆ, "ಸಾರ್, ಬೆಳಕು ಚೆನ್ನಾಗಿರೋ ಹೊತ್ತಲ್ಲಿ ಬಟ್ಟೆ ಒಗೀಬೇಡಿ, ಹಕ್ಕಿ ಮಸುಕಾಗುತ್ತೆ" ಎಂದರು.

ಅಧ್ಯಕ್ಷರೆಂದರೆ ನಮ್ಮ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಶಾಲಾ ತನಿಖಾಧಿಕಾರಿಯಾಗಿ ನಿವೃತ್ತರು. ತಪ್ಪು ಹುಡುಕುವ ಕೆಲಸಕ್ಕೆ ನಿವೃತ್ತಿಯ ವಯಸ್ಸಿಲ್ಲವಾದ್ದರಿಂದ ಅದನ್ನು ಮುಂದುವರಿಸಿದ್ದಾರೆ. ತಮ್ಮ ಬಟ್ಟೆಗೂ ಹಕ್ಕಿಗೂ ಏನು ಸಂಬಂಧ ಎಂದು ಅವರು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೊಳೆಯದ ವಿಷಯಗಳಲ್ಲಿ ಅವರಿಗೆ ಸಂಶಯ ಹೆಚ್ಚು.

ಕೊನೆಗೊಂದು ದಿನ ಭಾವ "ಬಂತು! ಬಂತು!" ಎಂದು ಕುಣಿದರು. ನಾನು ಕ್ಯಾಮೆರಾದ ಹಿಂದಿನ ಪರದೆ ನೋಡಿದೆ. ಹಕ್ಕಿಯ ಜಾಗದಲ್ಲಿ ಕೆಂಪು ನೆತ್ತಿಯ ಮಬ್ಬೊಂದಿತ್ತು. ಅದರ ಪಕ್ಕದ ತೊಗಟೆಯ ಮೇಲೆ ಒಂದು ಇರುವೆ ಹೋಗುತ್ತಿತ್ತು. ಆ ಇರುವೆ ಮಾತ್ರ ಅದ್ಭುತವಾಗಿ ಬಂದಿತ್ತು, ಮೀಸೆ ಸಮೇತ. ಹಿಂದಿನ ಎಲೆಗಳ ಮೇಲೆಲ್ಲ ಬಿಸಿಲು ಮಿನುಗಿ, ಒಂದೊಂದು ಮಿನುಗೂ ಒಂದೊಂದು ಬಳೆಯಾಗಿ ಕೂತಿತ್ತು.

"ಭಾವ, ಶಾರ್ಪ್ ಇರೋದು ಇರುವೆ" ಎಂದೆ.

"ನಿನಗೆ ಕಣ್ಣು ಪರೀಕ್ಷೆ ಮಾಡ್ಬೇಕು ಕಣೋ" ಎಂದು ಅವರು ಕ್ಯಾಮೆರಾ ಕಿತ್ತುಕೊಂಡರು.

ಫೋಟೋ ದೊಡ್ಡದಾಗಿ ಅಚ್ಚಾಗಿ, ಚೌಕಟ್ಟು ಹಾಕಿಸಿಕೊಂಡು, ಅಂಗಡಿಯ ಗೋಡೆ ಏರಿತು. ಕೆಳಗೆ ಬರಹ: "ನಮ್ಮಲ್ಲಿ ಬಂದವರ ನೋಟ ಇಷ್ಟು ಸ್ಪಷ್ಟ." ಭಾವ ಅದನ್ನು ನೋಡುತ್ತಿದ್ದುದು ಅಂಗಡಿಯ ಆಚೆ ತುದಿಯ ಗಲ್ಲಾದ ಹಿಂದಿನಿಂದ. ಅಷ್ಟು ದೂರದಿಂದ ನೋಡಿದರೆ ಅದು ಮರಕುಟಿಗವೇ ಹೌದು. ಗಿರಾಕಿಗಳು ಹತ್ತಿರ ಹೋಗಿ ನೋಡುತ್ತಿದ್ದರು. ಕೆಲವರು ಹಕ್ಕಿ ಎಲ್ಲಿದೆ ಎಂದು ಕೇಳಿದರು. ಒಬ್ಬರು ಇದು ಇರುವೆಯ ಫೋಟೋ ಎಂದೇ ತಿಳಿದು ಬಹಳ ಹೊಗಳಿದರು. ಬಹಳ ಮಂದಿ ಕೇಳಿದ್ದು ಬಳೆಗಳ ವಿಷಯ.

"ಎಲೆ ಮೇಲೆಲ್ಲ ಇದೇನ್ರೀ, ಬಳೆ ಬಳೆ?"

ಲೆನ್ಸಿನ ಸ್ವಭಾವ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ಪಷ್ಟತೆಯ ಜಾಹೀರಾತಿನ ಕೆಳಗೆ ನಿಂತು ಯಾರು ಹಾಗೆ ಹೇಳುತ್ತಾರೆ? ಭಾವ ಎದೆಯುಬ್ಬಿಸಿ, "ಇದ್ದದ್ದು ಇದ್ದ ಹಾಗೆ ಬಂದಿದೆ ಸ್ವಾಮಿ. ಬರಿಗಣ್ಣಿಗೆ ಕಾಣದ್ದನ್ನೂ ಹಿಡಿಯುತ್ತೆ ಈ ಲೆನ್ಸು" ಎಂದರು.

ಈ ಮಾತು ಹೇಳುವ ಹೊತ್ತಿಗೆ ಅಧ್ಯಕ್ಷರು ತಮ್ಮ ಕನ್ನಡಕದ ಸಡಿಲ ಕಡ್ಡಿ ಸರಿಮಾಡಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಅವರು ಎದ್ದು ಹೋಗಿ ಫೋಟೋಗೆ ಮೂಗು ತಾಗಿಸಿ ನಿಂತರು. ತಿರುಗಿದಾಗ ಅವರ ಮುಖದಲ್ಲಿ, ಹಿಂದೆ ಹಾಜರಿ ಪುಸ್ತಕದಲ್ಲಿ ಕಳ್ಳ ಸಹಿ ಸಿಕ್ಕಾಗ ಇದ್ದಿರಬಹುದಾದಂಥ ಕಳೆ ಇತ್ತು.

"ಇದು ನಮ್ಮ ಬೀದಿ ಮರ ಅಲ್ವೇನ್ರೀ?"

"ಅದೇ ಸಾರ್."

"ಇದು ಬರಿಗಣ್ಣಿಗೆ ಕಾಣಲ್ಲ ಅಂದ್ರಿ."

"ಖಂಡಿತ ಕಾಣಲ್ಲ" ಎಂದರು ಭಾವ, ಹೆಮ್ಮೆಯಿಂದ.

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಮರಕ್ಕೆ ಬಳೆ ರೋಗ ಬಂದಿದೆ ಎಂದು. ಹೆಸರಿಟ್ಟವರು ಅಧ್ಯಕ್ಷರೇ. ರೋಗಕ್ಕೆ ಹೆಸರು ಸಿಕ್ಕಮೇಲೆ ಲಕ್ಷಣಗಳಿಗೆ ಬರವೇ? ಕಟ್ಟಡದ ಕೆಳಗೆ ಕುರ್ಚಿ ಹಾಕಿ ಸಭೆ ನಡೆಯಿತು. ಟೈಲರಿಂಗ್ ಮಾಡುವ ಮೇಡಂ ತಮಗೆ ಒಂದು ವಾರದಿಂದ ಮೊಣಕೈ ತುರಿಕೆ ಎಂದರು. ಔಷಧಿ ಅಂಗಡಿಯವರು, ತುರಿಕೆಗೆ ಒಂದು ಒಳ್ಳೆಯ ಮುಲಾಮು ಇವತ್ತಷ್ಟೇ ಬಂದಿದೆ ಎಂದು ತಿಳಿಸಿದರು. ಇನ್ನೊಬ್ಬರು ತಮ್ಮ ಕೂದಲು ಉದುರುತ್ತಿರುವುದಕ್ಕೆ ಈಗ ಕಾರಣ ಗೊತ್ತಾಯಿತು ಎಂದರು. ಅವರ ತಲೆ ಬೋಳಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಎಲ್ಲರೂ ಅಯ್ಯೋ ಪಾಪ ಎಂದರು.

"ಮರ ಚೆನ್ನಾಗಿದ್ರೆ ಮರಕುಟಿಗ ಯಾಕೆ ಬರುತ್ತೆ? ಒಳಗೆ ಹುಳ ಇರೋದಕ್ಕೇ ಬಂದಿದೆ" ಎಂದರು ಅಧ್ಯಕ್ಷರು. "ಅದಕ್ಕೇ ನೋಡಿ ಕನ್ನಡಕದವರು ದಿನಾ ಮರಾನೇ ನೋಡ್ತಿದ್ರು. ನನಗೆ ಬಟ್ಟೆ ಒಗೀಬೇಡಿ ಅಂದ್ರಲ್ಲ, ಆಗಲೇ ಅವರಿಗೆ ಅನುಮಾನ ಇತ್ತು. ಒದ್ದೆ ಬಟ್ಟೆಗೆ ಬೇಗ ಅಂಟುತ್ತೆ."

ಎಲ್ಲರೂ ಭಾವನ ಕಡೆ ತಿರುಗಿ ಕೃತಜ್ಞತೆಯಿಂದ ನೋಡಿದರು. ಭಾವ ಬಾಯಿ ತೆರೆದರು. ಅಷ್ಟರಲ್ಲಿ ಟೈಲರಿಂಗ್ ಮೇಡಂ, "ಎಂಥಾ ಕಣ್ಣು ಇವರದು!" ಎಂದರು. ಭಾವ ಬಾಯಿ ಮುಚ್ಚಿದರು.

ಉದ್ಯಾನ ಇಲಾಖೆಯಿಂದ ಅಧಿಕಾರಿಯೊಬ್ಬರು ಬಂದರು. ಸಾಧು ಮನುಷ್ಯ. ಕತ್ತು ನೋವಿನವರು, ಪಟ್ಟಿ ಕಟ್ಟಿಕೊಂಡಿದ್ದರು. ಮರ ನೋಡುವ ನೌಕರಿಯಲ್ಲಿ ಮೇಲಕ್ಕೆ ನೋಡಲಾಗದಿರುವುದು ಒಂದು ತೊಡಕೇ, ಆದರೆ ಅವರು ಹೇಗೋ ಸುಧಾರಿಸಿಕೊಂಡು ಬಂದಿದ್ದರು. ಕೆಳಕ್ಕೆ ಬಾಗಿದ ಕೊಂಬೆಯೊಂದರಿಂದ ಎಲೆ ಕಿತ್ತು, ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗೇ ಇದೆಯಲ್ಲ" ಎಂದರು.

"ಅದೇ ಸಾರ್ ಇದರ ಅಪಾಯ" ಎಂದರು ಅಧ್ಯಕ್ಷರು. "ಕೈಗೆ ತಗೊಂಡ್ರೆ ಕಾಣಲ್ಲ. ಕಣ್ಣಿಗೆ ಕಾಣೋ ರೋಗಾನ ಯಾರಾದ್ರೂ ಹಿಡೀತಾರೆ. ಇದನ್ನ ಹಿಡಿದಿರೋದು ನಮ್ಮ ಕನ್ನಡಕದಂಗಡಿಯವರ ಲೆನ್ಸು. ಬನ್ನಿ ತೋರಿಸ್ತೀನಿ."

ಫೋಟೋ ನೋಡಿ ಅಧಿಕಾರಿ ಬೆಚ್ಚಿದರು. ಕತ್ತು ಎತ್ತದೆ ಮರದ ಮೇಲ್ಭಾಗವನ್ನು ಅವರು ನೋಡಿದ್ದು ಬಹಳ ಕಾಲದ ಮೇಲೆ ಇದೇ ಮೊದಲು. "ಇಷ್ಟೊಂದಾ? ಇದು ಪಕ್ಕದ ಬೀದಿಗೆ ಹಬ್ಬಿದ್ರೆ ನನ್ನ ತಲೆಗೆ ಬರುತ್ತೆ. ಕಡಿಸಿಬಿಡೋಣ" ಎಂದು ನಿಂತಲ್ಲೇ ಆದೇಶ ಬರೆದರು. ಭಾವನ ಕೈ ಕುಲುಕಿ, "ನಿಮ್ಮಂಥ ಕಣ್ಣಿನವರು ಬೀದಿಗೊಬ್ಬರು ಇರಬೇಕು" ಎಂದೂ ಹೇಳಿದರು. ಗರಗಸದವರು ನಾಳೆ ಬೆಳಗ್ಗೆಯೇ ಬರುವುದೆಂದಾಯಿತು.

ಅಕ್ಕ ಅಂಗಡಿಯ ಮೂಲೆಯಲ್ಲಿ ಕೂತು ಇಷ್ಟನ್ನೂ ಕೇಳಿಸಿಕೊಂಡಿದ್ದಳು. ಎಲ್ಲರೂ ಹೋದ ಮೇಲೆ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟಳು.

"ರೀ, ಆ ಪೊಟರೇಲಿ ಮರಿಗಳಿವೆ. ಬೆಳಗ್ಗೆಯಿಂದ ಚೀಂವ್ ಚೀಂವ್ ಅಂತಿವೆ. ಮರ ಬಿದ್ದರೆ ಅವು ಏನಾಗ್ಬೇಕು?"

ಭಾವ ಗಲ್ಲಾ ತೆರೆದು ಚಿಲ್ಲರೆ ಎಣಿಸತೊಡಗಿದರು.

"ಆ ಬಳೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತು. ಇವನಿಗೂ ಗೊತ್ತು. ಏನೋ?"

ನಾನು ಹೌದೆಂದೆ. ಅಕ್ಕನೆದುರು ಅಲ್ಲವೆನ್ನುವ ರೂಢಿ ನನಗೆ ಚಿಕ್ಕಂದಿನಿಂದಲೂ ಇಲ್ಲ.

"ಹೋಗಿ ಹೇಳಿ. ಹಕ್ಕಿ ಮಸುಕಾಗಿದೆ, ಎಲೆ ಮಸುಕಾಗಿದೆ, ಎಲೆ ಮೇಲೇನೂ ಇಲ್ಲ ಅಂತ."

"ಕನ್ನಡಕದಂಗಡಿಯವನು ಹೋಗಿ ನನ್ನ ಫೋಟೋ ಮಸುಕು ಅಂತ ಡಂಗುರ ಹೊಡೀಲಾ?" ಭಾವನ ದನಿ ಕೀರಲಾಯಿತು. "ನಾಳೆ ಯಾರು ಈ ಕುರ್ಚಿ ಮೇಲೆ ಬಂದು ಕೂರ್ತಾರೆ? ನಿನಗೂ ಇವನಿಗೂ ಮರದ ಚಿಂತೆ. ಅಂಗಡಿ ಮುಚ್ಚಿದ ಮೇಲೆ ಆ ಮರದ ಕೆಳಗೇ ಕೂರೋಣ ಬಿಡು."

"ಆಗ ಕೂರೋಕೆ ಮರಾನಾದ್ರೂ ಇರುತ್ತೆ" ಎಂದಳು ಅಕ್ಕ. ಆಮೇಲೆ ಉಳಿದ ಫ್ರೇಮುಗಳನ್ನು ಭಾವನ ಮುಂದೆ ಸರಿಸಿ ಮನೆಗೆ ಹೊರಟಳು. ಅಂದು ಭಾವ ತಾವೇ ಒಂದು ಫ್ರೇಮಿಗೆ ತಿರುಪು ಹಾಕಲು ಹೋಗಿ, ಅದನ್ನು ನೆಲಕ್ಕೆ ಬೀಳಿಸಿ, ಮಂಡಿಯೂರಿ ಕೈಯಾಡಿಸಿ ಹುಡುಕಿದರು. ನನಗೆ ನೋಡಲಾಗಲಿಲ್ಲ. ಹುಡುಕಿಕೊಟ್ಟೆ.

ಬೆಳಗ್ಗೆ ಅಧಿಕಾರಿಯ ಜೊತೆ ಲಾರಿ ಬಂದು ನಿಂತಿತು. ಹಗ್ಗ, ಏಣಿ, ಗರಗಸ ಇಳಿದವು. ಬೀದಿಯವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಂತರು. ಪೊಟರೆಯ ಬಾಯಲ್ಲಿ ತಾಯಿಯೋ ತಂದೆಯೋ ಒಂದು ಕೆಂಪು ತಲೆ ಹೊರಹಾಕಿ ಗರಗಸದವರನ್ನು ನೋಡಿ ಒಳಗೆಳೆದುಕೊಂಡಿತು. ಗರಗಸದ ಮೇಸ್ತ್ರಿ ಮಿಷನ್ನಿನ ದಾರ ಎಳೆಯಲು ಕೈ ಹಾಕಿದಾಗ ನಮ್ಮ ಮೆಟ್ಟಿಲಿನಲ್ಲಿ ದಡದಡ ಸದ್ದಾಯಿತು. ಭಾವ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಒಂದು ಕಾಲಿಗೆ ನನ್ನ ಚಪ್ಪಲಿ ಹಾಕಿಕೊಂಡು ಓಡಿಬಂದರು.

"ನಿಲ್ಸಿ! ಬಳೆ ಇರೋದು ಎಲೆ ಮೇಲಲ್ಲ, ನನ್ನ ಲೆನ್ಸಲ್ಲಿ! ಫೋಟೋ ಮಸುಕು!"

ಭಾವ ತಮ್ಮ ಮಾನವನ್ನು ತಾವೇ ಬೀದಿಗೆಳೆದಿದ್ದರು. ಇನ್ನೇನು, ಜನ ಛೀ ಥೂ ಎನ್ನುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಯಾರೂ ನಂಬಲಿಲ್ಲ.

"ಮರಿಗಳ ಮೇಲಿನ ಕರುಣೆಗೆ ಹಾಗಂತಿದ್ದಾರೆ" ಎಂದರು ಅಧ್ಯಕ್ಷರು, ಮೆದುವಾಗಿ. "ದೊಡ್ಡ ಮನಸ್ಸು. ಆದ್ರೆ ಸಾರ್ವಜನಿಕ ಆರೋಗ್ಯ ಮುಖ್ಯ."

"ತಮ್ಮನ್ನೇ ಬೈಕೋತಿದ್ದಾರಲ್ರೀ, ಪಾಪ" ಎಂದು ಟೈಲರಿಂಗ್ ಮೇಡಂ ಕಣ್ಣೊರೆಸಿಕೊಂಡರು.

"ಆದೇಶಕ್ಕೆ ಆಧಾರ ಫೋಟೋ" ಎಂದರು ಅಧಿಕಾರಿ. "ನೀವು ಬಾಯಲ್ಲಿ ಹೇಳಿದ್ರೆ ಆಗಲ್ಲ. ಫೋಟೋ ತಪ್ಪು ಅನ್ನೋಕೆ ಇನ್ನೊಂದು ಫೋಟೋ ಬೇಕು."

"ತೆಗೀತೀನಿ" ಎಂದರು ಭಾವ. "ಅಧ್ಯಕ್ಷರು ಆ ಬಾಗಿದ ಕೊಂಬೆ ಮುಂದೆ ನಿಂತ್ಕೊಳ್ಳಿ. ನಾನು ನಿಮ್ಮನ್ನ ಫೋಕಸ್ ಮಾಡ್ತೀನಿ. ಹಿಂದಿನ ಎಲೆ ಎಲ್ಲ ಬಳೆ ಬಳೆಯಾಗಿ ಬರುತ್ತೆ. ಅದೇ ಎಲೆ ನಿಮ್ಮ ಕೈಯಲ್ಲಿ ಚೆನ್ನಾಗಿರುತ್ತೆ. ಆಗಲಾದ್ರೂ ನಂಬ್ತೀರಾ?"

ಅಧ್ಯಕ್ಷರಿಗೆ ಫೋಟೋ ಎಂದರೆ ಒಂದು ದೌರ್ಬಲ್ಯ. ಅಂಗಿಯ ಗುಂಡಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ನಿಂತರು. ಭಾವ ಕ್ಯಾಮೆರಾ ಎತ್ತಿದರು. ಅಧ್ಯಕ್ಷರ ಮೂಗಿನ ಒಂದು ಹೊಳ್ಳೆ ಮಾತ್ರ ಕಂಡಿತು. ದೂರದ ಮರದ ಹಕ್ಕಿಯನ್ನು ಹಿಡಿಯಲೆಂದು ಮಾಡಿದ ಲೆನ್ಸು ಅದು, ಮನುಷ್ಯ ಅದರಲ್ಲಿ ಹಿಡಿಸಬೇಕಾದರೆ ಬಲು ದೂರ ಹೋಗಬೇಕು. ಭಾವ ಹಿಂದೆ ಹಿಂದೆ ಸರಿದರು. ಲಾರಿ ದಾಟಿದರು. ಔಷಧಿ ಅಂಗಡಿ ದಾಟಿದರು. ಸ್ಟ್ಯಾಂಡಾದ ನಾನು ಟವೆಲು ಹಿಡಿದು ಹಿಂದೆಯೇ ಓಡಿದೆ.

"ಎಲ್ಲಿಗ್ರೀ ಹೋಗ್ತಿದ್ದೀರಿ?" ಎಂದು ಅಧಿಕಾರಿ ಕೂಗಿದರು.

"ಓಡಿಹೋಗ್ತಿದ್ದಾರೆ ಸಾರ್!" ಎಂದು ಯಾರೋ ಅಂದರು.

ಬೀದಿಯ ತಿರುವಿನಲ್ಲಿ ಭಾವ ನಿಂತರು. ಲೆನ್ಸು ನನ್ನ ಹೆಗಲೇರಿತು. ಅವರು ಬಳೆಯನ್ನು, ಅಂದರೆ ಲೆನ್ಸಿನ ಫೋಕಸ್ ಬಳೆಯನ್ನು, ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ನಾನು ಅವರು ಕೇಳದೆಯೇ ಉಸಿರು ಹಿಡಿದೆ. ಕ್ಲಿಕ್ಕೆಂದಿತು.

ನಾನು ಕ್ಯಾಮೆರಾ ಹಿಡಿದು ಮುಂದೆ ಓಡಿ ಅಧಿಕಾರಿಯ ಕೈಗೆ ಕೊಟ್ಟೆ. ಅವರು ನೋಡಿದರು, ನೋಡಿದರು, ಹುಬ್ಬೇರಿಸಿದರು. ಎಲೆಗಳು ಕಣ್ಣಿಗೆ ಕಟ್ಟಿದ ಹಾಗೆ ಬಂದಿದ್ದವು. ಒಂದೊಂದು ನರವೂ ಎಣಿಸುವಷ್ಟು ಸ್ಪಷ್ಟ. ಒಂದು ಬಳೆಯೂ ಇಲ್ಲ. ಮುಂದೆ ಅಧ್ಯಕ್ಷರಿರಬೇಕಾದ ಜಾಗದಲ್ಲಿ ಬೂದಿ ಬಣ್ಣದ್ದೇನೋ ನಿಂತಿತ್ತು. ಅಂಗಿಯ ಗುಂಡಿಗಳು ಮಿನುಗಿದಲ್ಲಿ ಒಂದೊಂದು ಬಳೆ, ಕನ್ನಡಕ ಮಿನುಗಿದಲ್ಲಿ ಎರಡು, ಬೆವರಿದ ಹಣೆಯ ಮೇಲೆ ಗೊಂಚಲು ಗೊಂಚಲು.

"ಮರಕ್ಕೆ ವಾಸಿಯಾಗಿದೆ" ಎಂದರು ಅಧಿಕಾರಿ. ಆಮೇಲೆ ಅಧ್ಯಕ್ಷರಿಂದ ಒಂದು ಹೆಜ್ಜೆ ಹಿಂದೆ ಸರಿದರು. "ಇವರಿಗೆ ಹತ್ತಿಬಿಟ್ಟಿದೆ."

ಬೀದಿಯೆಲ್ಲ ಒಟ್ಟಿಗೆ ಹಿಂದೆ ಸರಿಯಿತು. ಔಷಧಿ ಅಂಗಡಿಯವರು ಮುಲಾಮಿನ ಡಬ್ಬಿಯನ್ನು ಹತ್ತಿರ ಹೋಗದೆ, ದೂರದಿಂದಲೇ ನೆಲದ ಮೇಲೆ ಉರುಳಿಸಿಬಿಟ್ಟರು.

"ನನಗೆ ಯಾವ ರೋಗಾನೂ ಇಲ್ಲ!" ಅಧ್ಯಕ್ಷರು ಅಂಗಿ ಕೊಡವಿಕೊಂಡರು. "ಫೋಟೋ ಸುಳ್ಳು!"

"ಸುಳ್ಳಾದ್ರೆ ಎಲೆ ಚೆನ್ನಾಗಿರೋದೂ ಸುಳ್ಳು" ಎಂದರು ಅಧಿಕಾರಿ. "ಮೇಸ್ತ್ರಿ, ಕಡೀರಪ್ಪ."

ಮೇಸ್ತ್ರಿ ಗರಗಸ ಎತ್ತಿದ.

"ಹಾಗಲ್ಲ ಸಾರ್, ಬಳೆ ಕಂಡಿದ್ದಕ್ಕೆ ಮರಾನೇ ಕಡಿದರೆ, ನನಗಿರೋ ರೋಗಕ್ಕೆ..." ಅಧ್ಯಕ್ಷರು ತಡವರಿಸಿದರು. "ಅಂದ್ರೆ, ಇಲ್ಲದ ರೋಗ..."

"ಫೋಟೋ ನಿಜವೋ ಸುಳ್ಳೋ, ಒಂದು ಹೇಳಿ."

"ನಿಜ... ಅಲ್ಲ, ಸುಳ್ಳು... ಮರದ ಮಟ್ಟಿಗೆ..."

ಅವರ ಪ್ರತಿ ಮಾತಿಗೂ ಮೇಸ್ತ್ರಿ ಗರಗಸವನ್ನು ಒಮ್ಮೆ ಇಳಿಸುತ್ತಿದ್ದ, ಒಮ್ಮೆ ಎತ್ತುತ್ತಿದ್ದ. ಕೊನೆಗೆ ಕೈ ಸೋತು, "ಏನಾದ್ರೂ ಒಂದು ಮಾಡ್ಕೊಳ್ಳಿ ಸಾರ್, ಭಾರ ಇದೆ ಇದು" ಎಂದ.

ತಿರುವಿನಿಂದ ಏದುಸಿರು ಬಿಡುತ್ತ ಬಂದ ಭಾವನಿಗೆ ಏನಾಗಿದೆಯೆಂದೇ ತಿಳಿಯಲಿಲ್ಲ. ಅಧ್ಯಕ್ಷರು ಸ್ಪಷ್ಟವಾಗಿ ಬಂದಿದ್ದಾರೆ, ಎಲೆಯ ಮೇಲೆ ಬಳೆ ಬಂದಿದೆ ಎಂದೇ ಅವರ ನಂಬಿಕೆ. ಕ್ಯಾಮೆರಾ ತೆಗೆದುಕೊಂಡು ಪರದೆಯನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು. ಸುತ್ತ ಎಲ್ಲರೂ ನೋಡುತ್ತಿದ್ದರು. ಭಾವನ ಕಿವಿ ಕೆಂಪಾಯಿತು. ಮರದ ಮೇಲಿಂದ ಮರಿಗಳ ಚೀಂವ್ ಚೀಂವ್ ಕೇಳಿಸಿತು. ಅವರು ಒಮ್ಮೆ ಮೇಲೆ ನೋಡಿ, ಕ್ಯಾಮೆರಾವನ್ನು ಅಕ್ಕನ ಕೈಗೆ ಕೊಟ್ಟರು.

"ನೀನೇ ನೋಡಿ ಹೇಳೇ. ನನಗೆ ಕಾಣಲ್ಲ."

ಅಕ್ಕ ನೋಡಿದಳು. ಅವಳ ದನಿ ಮೆತ್ತಗಾಗಿತ್ತು. "ಎಲೆ ಸ್ಪಷ್ಟವಾಗಿ ಬಂದಿದೆ ರೀ. ಅಧ್ಯಕ್ಷರು ಬಳೆ ಬಳೆಯಾಗಿ ಬಂದಿದ್ದಾರೆ."

"ಉಲ್ಟಾನಾ?"

"ಉಲ್ಟಾ."

ಭಾವ ಅಧಿಕಾರಿಯ ಕಡೆ ತಿರುಗಿದರು. "ಸಾರ್, ಈ ಲೆನ್ಸು ಒಂದು ಸಲಕ್ಕೆ ಒಂದನ್ನೇ ನೋಡೋದು. ಯಾವುದನ್ನ ನೋಡಲಿಲ್ವೋ ಅದರಲ್ಲಿ ಮಿನುಗೋದೆಲ್ಲ ಬಳೆ ಆಗುತ್ತೆ. ಆವತ್ತು ಇರುವೆ ನೋಡಿತ್ತು, ಎಲೆಗೆ ಬಳೆ ಬಂತು. ಇವತ್ತು ಎಲೆ ನೋಡ್ತು, ಅಧ್ಯಕ್ಷರಿಗೆ ಬಂತು. ಮರಕ್ಕೂ ರೋಗ ಇಲ್ಲ, ಇವರಿಗೂ ಇಲ್ಲ."

"ಹಾಗಾದ್ರೆ ನನ್ನನ್ನ ಬಿಟ್ಟು ಎಲೆ ಯಾಕ್ರೀ ನೋಡಿದ್ರಿ?" ಅಧ್ಯಕ್ಷರಿಗೆ ಆ ಗಳಿಗೆಯಲ್ಲೂ ಅವಮಾನವಾಗಿತ್ತು.

"ನಿಮ್ಮನ್ನೇ ನೋಡ್ಬೇಕು ಅಂತಿದ್ದೆ ಸಾರ್. ಸರಿಯಾಯ್ತೋ ಇಲ್ವೋ ಅಂತ ನನಗೆ ಗೊತ್ತಾಗಲ್ಲ. ಹತ್ತಿರದ್ದು ನನಗೆ ಕಾಣದೆ ಬಹಳ ಕಾಲ ಆಯ್ತು."

ಅಧಿಕಾರಿಗೆ ಇದೂ ಕರುಣೆಯ ಸುಳ್ಳಿರಬಹುದೆಂಬ ಅನುಮಾನ. ಜೇಬಿನಿಂದ ಆದೇಶದ ಹಾಳೆ ತೆಗೆದು ಭಾವನ ಮುಖದೆದುರು ಹಿಡಿದು, "ಓದಿ" ಎಂದರು.

ಭಾವ ಕಣ್ಣು ಕಿರಿದು ಮಾಡಿದರು. "ಇನ್ನೂ ದೂರ ಹಿಡೀರಿ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಹೋದರು. "ಈಗ ಸ್ಪಷ್ಟನಾ?"

"ಇಲ್ಲ."

ಇನ್ನೊಂದು ಹೆಜ್ಜೆ. "ಈಗ?"

"ಸ್ವಲ್ಪ."

ಅಧಿಕಾರಿಯ ಬೆನ್ನು ಮರಕ್ಕೆ ತಾಗಿದಾಗ ಭಾವ ಸರಾಗವಾಗಿ ಓದಿದರು. ತಲೆಬರಹದಿಂದ ಹಿಡಿದು ಸಹಿಯ ಕೆಳಗಿನ ಹುದ್ದೆಯವರೆಗೂ ಓದಿದರು. ಒಂದಕ್ಷರ ತಪ್ಪಲಿಲ್ಲ. ಇಡೀ ಬೀದಿ ನಿಂತು ಕೇಳಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೂ ಕಾಣಲಿಲ್ಲ.

ಅಧಿಕಾರಿ ಮರಕ್ಕೇ ಹಾಳೆ ಒತ್ತಿ ಹಿಡಿದು ಹೊಸ ಆದೇಶ ಬರೆದರು. ಸರ್ಕಾರಿ ಆದೇಶಕ್ಕೆ ಕಾರಣ ಬೇಕು, ಕಾರಣ ಚೊಕ್ಕವಾಗಿರಬೇಕು. ಅವರು ಕೊಟ್ಟ ಕಾರಣ ಹೀಗಿತ್ತು: "ಕನ್ನಡಕದಂಗಡಿಯವರಿಗೆ ಕಣ್ಣು ಕಾಣದಿರುವ ಕಾರಣ, ಈ ಮರವನ್ನು ಕಡಿಯುವುದನ್ನು ರದ್ದುಪಡಿಸಲಾಗಿದೆ." ನಿಯಮದ ಪ್ರಕಾರ ಅದನ್ನು ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ಮರಕ್ಕೆ ದಾರದಿಂದ ಕಟ್ಟಿದರು. ಗಂಟು ಬಿಗಿಯಾಗಿದೆಯೇ ಎಂದು ಅಧ್ಯಕ್ಷರು ಮೂರು ಸಲ ಎಳೆದು ನೋಡಿದರು. ಗರಗಸ ಲಾರಿ ಹತ್ತಿತು.

ಮಾರನೆಯ ದಿನದಿಂದ ಭಾವ ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂತರು. ಯಾರೂ ಬರುವುದಿಲ್ಲವೆಂದು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದರು. ನಾನೂ ಹಾಗೇ ತಿಳಿದಿದ್ದೆ. ಆದರೆ ಅಧಿಕಾರಿಯ ಅಕ್ಷರ ಸಾಸಿವೆಯಷ್ಟು ಸಣ್ಣದು. ಬೀದಿಯಲ್ಲಿ ಹೋಗುವವರು ಮರಕ್ಕೆ ಕಟ್ಟಿದ ಕಾಗದ ಕಂಡು ನಿಲ್ಲುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಹಿಂದೆ ಸರಿಯುತ್ತಾರೆ, ಮುಂದೆ ಬಗ್ಗುತ್ತಾರೆ, ಕೊನೆಗೆ ತಮಗೂ ಕನ್ನಡಕದ ವಯಸ್ಸಾಯಿತೆಂದು ಒಪ್ಪಿಕೊಂಡು ಎದುರಿಗಿರುವ ಅಂಗಡಿಗೇ ಬರುತ್ತಾರೆ.

ಮೊನ್ನೆ ಒಬ್ಬ ಅಜ್ಜಿ ಹಾಗೆಯೇ ಬಂದರು. ಕನ್ನಡಕ ತಯಾರಾದ ದಿನ ಅದನ್ನು ಹಾಕಿಕೊಂಡು ನೆಟ್ಟಗೆ ಮರದ ಬಳಿ ಹೋಗಿ, ಓದಿ, ವಾಪಸು ಬಂದರು. ಭಾವನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪಾ, ಅದರಲ್ಲಿ ಕಣ್ಣು ಕಾಣಲ್ಲ ಅಂತ ಬರೆದಿರೋದು ನಿನಗೇನಾ?"

"ನನಗೇ ಅಜ್ಜಿ" ಎಂದರು ಭಾವ. "ಅಕ್ಷರ ಎಲ್ಲ ಸ್ಪಷ್ಟವಾಗಿ ಕಾಣ್ತಾ?"

"ಒಂದೂ ಬಿಡದ ಹಾಗೆ ಕಾಣ್ತು."

"ಹಾಗಾದ್ರೆ ನಂಬರು ಸರಿಯಾಗಿದೆ" ಎಂದು ಭಾವ ಅವರ ಕನ್ನಡಕ ತೆಗೆದುಕೊಂಡು, ತಾವೇ ತಿರುಪು ಬಿಗಿಮಾಡಿ, ಒರೆಸಿ ಕೊಟ್ಟರು.